ಉದ್ಘಾಟನೆಯಾಗದ ಬಿಸಿಲು

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಬಿಸಿಲಿನ ಕೊರತೆ ಇದೆ ಎಂಬುದನ್ನು ಹೋದ ವರ್ಷ ಏಪ್ರಿಲ್ ಹನ್ನೊಂದರಂದು ಅಧಿಕೃತವಾಗಿ ದಾಖಲಿಸಲಾಯಿತು. ಆ ದಿನ ಜಮಖಂಡಿಯಲ್ಲಿ ನಲವತ್ತೊಂದೂವರೆ ಡಿಗ್ರಿ ಇತ್ತು. ದಾಖಲೆ ಬರೆದ ಗುಮಾಸ್ತೆ ನೇತ್ರಾಳ ಹಣೆಯಿಂದ ಒಂದು ಹನಿ ಬೆವರು ಬಿದ್ದು ‘ಕೊರತೆ’ ಎಂಬ ಪದದ ಮಸಿ ತುಸು ಹರಡಿತು. ಅದನ್ನು ಬಿಟ್ಟರೆ ಕಾಗದದಲ್ಲಿ ಯಾವ ದೋಷವೂ ಇರಲಿಲ್ಲ.

ಕೊರತೆಯಿಂದ ಬಾಧಿತರಾದವರ ಸಂಖ್ಯೆ: ಒಂದು. ಹೆಸರು: ಪಾಚು. ಜಾತಿ: ಇಗುವಾನಾ. ವಯಸ್ಸು: ಹನ್ನೊಂದು ತಿಂಗಳು. ವಾರಸುದಾರರು: ಅಕ್ಕವ್ವ, ರಬಕವಿ.

ಇಗುವಾನಾ ಅಂದರೆ ಪರದೇಶದ ಒಂದು ದೊಡ್ಡ ಓತಿಕ್ಯಾತ. ಮೈ ಗಿಳಿಹಸಿರು, ಗಲ್ಲದ ಕೆಳಗೆ ಜೋಲುವ ತೊಗಲು, ಬಾಲ ಮೈಯ ಎರಡರಷ್ಟು. ರಬಕವಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಭರತೇಶ ಹಿಂದಿನ ಆಷಾಢದಲ್ಲಿ ವ್ಯಾಪಾರಕ್ಕೆ ಪುಣೆಗೆ ಹೋದಾಗ, ಗೋದಾಮಿನ ಜಿರಲೆ ತಿನ್ನಲಿ ಎಂದು ಇದರ ಮರಿಯೊಂದನ್ನು ತಂದ. ತಾಯಿ ಅಕ್ಕವ್ವ ಬಸದಿಗೆ ಹೋದ ಹೊತ್ತು ನೋಡಿ ಅದರ ಮುಂದೆ ಒಂದು ಜಿರಲೆ ಬಿಟ್ಟ. ಮರಿ ಜಿರಲೆಯನ್ನು ನೋಡಿತು. ಜಿರಲೆ ಮರಿಯನ್ನು ನೋಡಿತು. ಬಳಿಕ ಮರಿ ಆಚೆ ಹೊರಳಿ, ಪೂಜೆಗೆಂದು ತಂದಿಟ್ಟ ದಾಸವಾಳದ ಎಲೆ ತಿಂದಿತು. ಅಷ್ಟರಲ್ಲಿ ಅಕ್ಕವ್ವ ಬಾಗಿಲಿಗೆ ಬಂದಿದ್ದಳು.

“ಹುಳಾ ತಿನ್ನೂದಿಲ್ಲ ಅಂದ್ರ ಇದು ನಮ್ಮ ಮಂದೀನ,” ಅಂದಳು. “ಲೇ ಭರತೇಶ, ಇದಕ್ಕ ಗೋದಾಮು ಬ್ಯಾಡ. ಮನ್ಯಾಗ ಇರಲಿ.”

ಹೀಗೆ ಪಾಚು ಆ ಮನೆಯವನಾದ. ಮನೆಯ ನೇಮಗಳೂ ಅವನವಾದವು. ಸೂರ್ಯ ಮುಳುಗುವ ಮೊದಲು ಊಟ. ನೆಲದೊಳಗೆ ಬೆಳೆಯುವ ಬಟಾಟಿ, ಉಳ್ಳಾಗಡ್ಡಿ, ಗಜ್ಜರಿ ಇಲ್ಲ. ಚಾತುರ್ಮಾಸದ ನಾಲ್ಕು ತಿಂಗಳು ತಪ್ಪಲು, ಅಂದರೆ ಸೊಪ್ಪು, ಪೂರ್ತಿ ವರ್ಜ್ಯ. ಮಳೆಗಾಲದ ಎಲೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಅಕ್ಕವ್ವ ನಲವತ್ತು ವರ್ಷದಿಂದ ಆ ನಾಲ್ಕು ತಿಂಗಳು ತಪ್ಪಲು ಮುಟ್ಟಿದವಳಲ್ಲ. ತಾನು ತಿನ್ನದ್ದನ್ನು ಮನೆಯ ಕೂಸಿಗೆ ತಿನ್ನಿಸುವುದು ಅವಳಿಂದಾಗದು. ಎಲೆ ತಿಂದೇ ಬದುಕಬೇಕೆಂದು ಹುಟ್ಟಿದ ಜೀವಕ್ಕೆ ಸೌತಿಕಾಯಿ, ಬಾಳೆಹಣ್ಣು, ನೆನೆಸಿದ ಹೆಸರುಕಾಳು ಸಿಕ್ಕವು. ಚಾತುರ್ಮಾಸ ಮುಗಿಯುವ ಹೊತ್ತಿಗೆ ಪಾಚುವಿಗೆ ತಪ್ಪಲಿನ ರುಚಿ ಮರೆತಿತ್ತು, ಅಕ್ಕವ್ವನಿಗೆ ಹಾಕುವ ರೂಢಿ ತಪ್ಪಿತ್ತು.

ಇರಲು ಅವನಿಗೆ ಅಂಗಡಿಯ ಹಳೆಯ ಗಾಜಿನ ಕಪಾಟು ಕೊಟ್ಟರು. ಬಿಸಿಲಿಗೆ ಮೈ ಕಪ್ಪಾಗದಿರಲೆಂದು ಅದನ್ನು ನಡುಮನೆಯ ಮೂಲೆಯಲ್ಲಿಟ್ಟರು. ಚಳಿಗಾಲ ಬಂದಾಗ ಅಕ್ಕವ್ವ ಖಣದ ತುಂಡಿನಲ್ಲಿ ಒಂದು ಕುಂಚಿಗಿ ಹೊಲಿದು ಕೂಸುಗಳಿಗೆ ಕಟ್ಟುವಂತೆ ಅವನ ತಲೆಗೆ ಕಟ್ಟಿದಳು.

ಹೋಳಿಹುಣ್ಣಿಮೆಯ ಹೊತ್ತಿಗೆ ಅವನ ತೊಡೆಗಳು ದಪ್ಪವಾದವು. ಅಕ್ಕವ್ವ “ಮೈ ಹಿಡದಾನ” ಎಂದು ಓಣಿಗೆಲ್ಲ ಹೇಳಿದಳು. ಉಗಾದಿಗೆ ಬೆರಳು ನಡುಗತೊಡಗಿದವು. ಆಮೇಲೆ ಹೊಟ್ಟೆ ನೆಲದಿಂದ ಮೇಲೇಳಲಿಲ್ಲ. ಒಂದು ದಿನ ಬಾಳೆಹಣ್ಣು ತಿನ್ನಿಸಲು ಗಲ್ಲ ಹಿಡಿದಾಗ ಗಲ್ಲ ಎಳೆ ಸೌತಿಕಾಯಿಯಂತೆ ಬಾಗಿತು. ಅಕ್ಕವ್ವ ಅಂದು ಊಟ ಮಾಡಲಿಲ್ಲ. ಮರುದಿನ ಬುಟ್ಟಿಯಲ್ಲಿ ಅವನನ್ನಿಟ್ಟುಕೊಂಡು ಬಸ್ಸು ಹತ್ತಿದಳು.

“ಏನ ಐತ್ರಿ ಬುಟ್ಟ್ಯಾಗ?” ಅಂದ ಕಂಡಕ್ಟರ್.

“ನಮ್ಮ ಮನಿಯಂವ,” ಅಂದಳು.

ಜಮಖಂಡಿಯ ಹೊರವಲಯದಲ್ಲಿ ‘ನಾಲ್ಕು ತಾಲೂಕುಗಳ ಜಂಟಿ ಪ್ರಾಣಿ ಉಪಚಾರ ಕೇಂದ್ರ’ ಎಂಬ ಸಂಸ್ಥೆ ಇದೆ. ಅಲ್ಲಿನ ವೈದ್ಯರು ಡಾಕ್ಟರ್ ಅಮೇಯ. ಅವರು ಪಾಚುವನ್ನು ಅಂಗೈಯಲ್ಲಿ ಎತ್ತಿಕೊಂಡು, ಬೆನ್ನು ಸವರಿ, ಗಲ್ಲ ಮುಟ್ಟಿ ನೋಡಿದರು.

“ಇದಕ್ಕ ಏನು ತಿನ್ನಸ್ತೀರಿ ಅಕ್ಕವ್ವಾರ?”

“ನಾವು ತಿನ್ನೂದನ್ನರಿ.”

“ತಪ್ಪಲಾ?”

“ಚಾತುರ್ಮಾಸ ಇತ್ತಲ್ರಿ.”

“ನಿಮಗಿತ್ತು. ಇದಕ್ಕ?”

“ಒಂದ ಮನ್ಯಾಗ ಇದ್ದ ಮ್ಯಾಲ ಬ್ಯಾರೆ ಬ್ಯಾರೆ ಚಾತುರ್ಮಾಸ ಇರತಾವೇನ್ರಿ?”

“ಅದು ಕಾರ್ತಿಕಕ್ಕ ಮುಗದದ. ಈಗ ಚೈತ್ರ.”

ಅಕ್ಕವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

“ಎಲುಬಿನ್ಯಾಗ ಸುಣ್ಣ ಇಲ್ಲರಿ,” ಅಂದರು ಡಾಕ್ಟರ್. “ತಿನ್ನೂದ್ರಾಗ ಸಿಗಲಿಲ್ಲ. ಅದಕ್ಕ ತನ್ನ ಎಲುಬಿನ ಸುಣ್ಣಾನ ತಾನ ತಿಂದು ಬದಕೇದ. ಇನ್ನೊಂದ ತಿಂಗಳು ಹಿಂಗ ಹೋದ್ರ ತಿನ್ಲಿಕ್ಕೆ ಎಲುಬೂ ಉಳಿಯೂದಿಲ್ಲ.”

“ಬದಕತೈತೇನ್ರಿ?”

“ಬದಕತದ. ಮೂರು ಔಷಧ ಬರೀತೀನಿ. ಮೂರೂ ಭಾಳ ಸರಳ ಅವ.”

ಅವರು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ಒಂದು, ಸುಣ್ಣದ ಹನಿ. ಎರಡು, ನುಗ್ಗಿ ತಪ್ಪಲು. ಮೂರು, ದಿನಾ ಮುಂಜಾನೆ ಅರ್ಧ ತಾಸು ಬಿಸಿಲಿನಲ್ಲಿ ಇಡಬೇಕು, ಗಾಜಿನ ಒಳಗಲ್ಲ, ಬಯಲಿನಲ್ಲಿ.

ಚೀಟಿಗೆ ಆಡಳಿತಾಧಿಕಾರಿ ಗೋಪಾಲರಾವ್ ಅವರ ಸಹಿ ಬೇಕು. ಅಕ್ಕವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರ್ ಒಳಗೆ ಹೋದರು. ಗೋಪಾಲರಾವರು ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು.

“ಅಮೇಯ, ಸುತ್ತೋಲೆ ಕಲಂ ಏಳು ಓದೀರಿಲ್ಲೋ?”

ಬೇಸಿಗೆ ಮುಂಜಾಗ್ರತಾ ಸುತ್ತೋಲೆಯ ಕಲಂ ಏಳು ಹೀಗಿದೆ: ‘ಉಷ್ಣ ಅಲೆಯ ಹಿನ್ನೆಲೆಯಲ್ಲಿ ಕೇಂದ್ರದ ಉಪಚಾರದಲ್ಲಿರುವ ಯಾವುದೇ ಪ್ರಾಣಿಯನ್ನು ಬಿಸಿಲಿನಲ್ಲಿ ಇಡತಕ್ಕದ್ದಲ್ಲ. ಬಿಸಿಲಿನಲ್ಲಿ ಇದೆ ಎಂದಾಗಲಿ, ಇಡಬೇಕು ಎಂದಾಗಲಿ ಕೇಂದ್ರದ ಯಾವ ಕಾಗದದಲ್ಲೂ ಬರೆಯತಕ್ಕದ್ದಲ್ಲ.’

“ಸರ್, ಅದು ಎಮ್ಮಿಗೆ, ಆಕಳಿಗೆ ಬರದದ್ದು. ಇದಕ್ಕ ಬಿಸಲ ಇಲ್ಲಂದ್ರ ಸಾಯ್ತದ.”

“ಸಾಯಲಿ ಅಂತ ನಾ ಅನ್ನೂದಿಲ್ಲ. ಆದ್ರ ಸತ್ತರ ರೋಗದಿಂದ ಸಾಯ್ತದ, ಅದಕ್ಕೊಂದು ಕಾಲಂ ಅದ. ಬಿಸಲಾಗ ಇಟ್ಟು ಸತ್ತರ ನನ್ನ ಹೆಸರಿನ ಮ್ಯಾಲ ಸಾಯ್ತದ.” ಅವರು ಕೆಂಪು ಪೆನ್ನಿನಿಂದ ಮೂರನೆಯ ಸಾಲು ಹೊಡೆದರು. “ಕೃತಕ ಬಿಸಲ ಅಂತೇನರ ಸಿಗತದ?”

“ಒಂದ ನಮೂನಿ ಬಲ್ಬ್ ಬರತದ ಸರ್. ಆದ್ರ ಹೊರಗ ಪುಕ್ಕಟೆ…”

“ಸರಕಾರಿ ಬಿಸಲ ಇರೂವಾಗ ಖಾಸಗಿ ಬಿಸಲ ಯಾಕ್ರಿ? ತರಸೂಣು.”

ತರಿಸಬೇಕಾದರೆ ಕೊರತೆ ಇರಬೇಕು. ಆದ್ದರಿಂದ ಮೊದಲು ಹೇಳಿದ ಕೊರತೆಯನ್ನು ದಾಖಲಿಸಲಾಯಿತು. ಕೊರತೆ ಎಂದು ಬರೆಯಲು ಕಲಂ ಏಳರ ಅಡ್ಡಿಯಿಲ್ಲ. ಮೂರನೆಯ ಸಾಲಿನ ಜಾಗದಲ್ಲಿ ‘ಕೇಂದ್ರದ ದೀಪ’ ಎಂದು ಬರೆದು ಚೀಟಿಯನ್ನು ನೇತ್ರಾಳ ಕೈಲಿ ಅಕ್ಕವ್ವನಿಗೆ ಕೊಡಿಸಿದರು. ಡಾಕ್ಟರ್ ಅಮೇಯ ಅಕ್ಕವ್ವನಿಗೆ ಬಾಯಿಂದ ಹೇಳುವ ಮೊದಲೇ, ಅಂದೇ, ಅವರನ್ನು ಬೀಳಗಿ ಕಡೆಯ ಹಳ್ಳಿಗಳ ಬೀದಿದೀಪದ ಕಂಬಗಳನ್ನು ಎಣಿಸಲು ನಿಯೋಜಿಸಲಾಯಿತು. ಪಶುವೈದ್ಯರಿಗೆ ಇದು ಹೊಸದಲ್ಲ.

ಸುಣ್ಣದ ಔಷಧ ಕೇಂದ್ರದಲ್ಲಿಯೇ ಇತ್ತು. ಅದು ಕರು ಹಾಕಿದ ಎಮ್ಮೆಗೆ ಕುಡಿಸುವಂಥದ್ದು, ಐದು ಲೀಟರಿನ ಡಬ್ಬಿ. ಡಬ್ಬಿಯನ್ನು ಒಡೆದು ಕೊಡಲು ನಿಯಮದಲ್ಲಿ ಅವಕಾಶವಿಲ್ಲ.

“ಆಯೀ, ದಿನಾ ನಾಕ ಹನಿ ಹಾಕ್ರಿ,” ಅಂದಳು ನೇತ್ರಾ. ಅವಳು ಬೆರಳಲ್ಲಿ ಏನೋ ಎಣಿಸಿದಳು. “ಅರವತ್ತೆಂಟು ವರ್ಷ ಬರತೈತಿ.”

“ಅಲ್ಲೀತನಾ ನಾ ಇರಬೇಕಲ್ಲವ್ವಾ.”

“ಡಬ್ಬಿ ಕೇಂದ್ರದ್ದರಿ. ದಿನಾ ದೀಪಕ್ಕ ಬಂದು ಹಾಜರಿ ಹಾಕಬೇಕು. ಹಾಜರಿ ತಪ್ಪಿದ್ರ ಡಬ್ಬಿ ತಿರುಗಿ ಕೊಡಬೇಕಾಗತೈತಿ.”

ದೀಪದ ಸ್ಟ್ಯಾಂಡು ಮೂರೇ ದಿನದಲ್ಲಿ ಬಂತು. ಮುಧೋಳದಲ್ಲಿ ಮದುವೆಗಳಿಗೆ ಲೈಟಿಂಗ್ ಮಾಡುವ ಗೋಪಾಲರಾವರ ಷಡ್ಡಕರು ಪ್ರಾಣಿಗಳ ಮೇಲಿನ ಕಾಳಜಿಯಿಂದ ಇಷ್ಟು ಬೇಗ ಒದಗಿಸಿದರು. ಆಳೆತ್ತರದ ಸ್ಟ್ಯಾಂಡು, ಬಂಗಾರದ ಬಣ್ಣ, ಬುಡದಲ್ಲಿ ಎರಡು ನವಿಲು. ಅದರ ತಲೆಗೆ ಹಸಿರು ಖಣದ ಬಟ್ಟೆ ಮುಚ್ಚಿ, ನಡುವಿಗೆ ಕೆಂಪು ರಿಬ್ಬನ್ ಕಟ್ಟಿ, ಒಳಕೋಣೆಯಲ್ಲಿ ನಿಲ್ಲಿಸಿದರು.

ಈಗ ಎರಡು ನಿಯಮಗಳು ಎದುರುಬದುರಾದವು. ಖರೀದಿಸಿದ ಉಪಕರಣವನ್ನು ನಲವತ್ತೆಂಟು ತಾಸಿನೊಳಗೆ ಉಪಚಾರಕ್ಕೆ ತೊಡಗಿಸಬೇಕು. ಉದ್ಘಾಟನೆಯಾಗದ ಉಪಕರಣವನ್ನು ಮುಟ್ಟಬಾರದು. ಗೋಪಾಲರಾವರು ಇಪ್ಪತ್ತಾರು ವರ್ಷ ನೌಕರಿ ಮಾಡಿದವರು. ಇಂಥವು ಅವರಿಗೆ ತೊಡಕಲ್ಲ. ಪ್ರಾಣಿಯನ್ನು ಮುಚ್ಚಿದ ದೀಪದ ಎದುರು ದಿನಕ್ಕೆ ಅರ್ಧ ತಾಸು ಇಡತಕ್ಕದ್ದು, ದೀಪವನ್ನು ಮುಟ್ಟತಕ್ಕದ್ದಲ್ಲ ಎಂದು ಆದೇಶವಾಯಿತು. ಇದಕ್ಕೆ ಮುಂಗಡ ಚಿಕಿತ್ಸೆ ಎಂದು ಹೆಸರು.

ಉದ್ಘಾಟನೆ ಯಾಕೆ ತಡವಾಯಿತೆಂದು ದೂರದ ಓದುಗರು ಕೇಳಬಹುದು. ನಾನು ಹುಟ್ಟಿದ ಊರಿನಲ್ಲಿ ಸಭೆಗೆ ಬಂದವರಿಗೆ ಒಂದು ಲೋಟ ಪಾನಕ ಕೊಟ್ಟು ಕಳಿಸುತ್ತಿದ್ದರು. ಈ ಸೀಮೆಯಲ್ಲಿ ಸತ್ಕಾರವಾಗಬೇಕು. ಬಂದವರಿಗೆ ತಲೆಗೆ ಫೇಟಾ, ಹೆಗಲಿಗೆ ಶಾಲು, ಕೊರಳಿಗೆ ಹಾರ. ಅವರನ್ನು ಕರೆದವರಿಗೆ ಅವೇ ಮೂರು. ಕರೆಯಬೇಕೆಂದು ಸೂಚಿಸಿದವರಿಗೆ ಶಾಲು, ಹಾರ. ಇವೆಲ್ಲ ತಂದವರಿಗೆ ಬರಿಯ ಹಾರ. ಒಂದು ಹೆಸರು ಬಿಟ್ಟರೆ ಮೂರು ತಲೆಮಾರು ಮಾತು ಬಿಡುತ್ತವೆ. ಇಲ್ಲಿಗೆ ಬಂದು ಐವತ್ತು ವರ್ಷವಾದರೂ ನಾನೂ ಎರಡು ಮನೆಗಳ ಮುಂದೆ ತಲೆತಗ್ಗಿಸಿ ಹಾಯುತ್ತೇನೆ. ಹೀಗಿರುವಾಗ ಕೇಂದ್ರದ ಮಾನ್ಯ ಅಧ್ಯಕ್ಷರ ತಾರೀಖು ಸುಮ್ಮನೆ ಸಿಗುವುದಿಲ್ಲ. ಮೊದಲ ತಾರೀಖಿಗೆ ಬೆಳಗಾವಿಯಲ್ಲಿ ಮದುವೆ ಬಂತು. ಎರಡನೆಯದು ಅಮಾವಾಸ್ಯೆ ಎಂದು ಆಮೇಲೆ ತಿಳಿಯಿತು. ಮೂರನೆಯದಕ್ಕೆ ಅಚ್ಚಾದ ಆಮಂತ್ರಣದಲ್ಲಿ ಉಪಾಧ್ಯಕ್ಷರ ಹೆಸರು ಅಧ್ಯಕ್ಷರ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು.

ಅಕ್ಕವ್ವ ದಿನಾ ಬಂದಳು. ಕಲಂ ಏಳರಂತೆ ದಾರಿಯಲ್ಲಿ ಬಿಸಿಲು ತಾಗದ ಹಾಗೆ ಬುಟ್ಟಿಗೆ ಹಸಿ ಬಟ್ಟೆ ಹೊದಿಸಿಕೊಂಡು ಬಂದಳು. ಮುಚ್ಚಿದ ದೀಪದ ಎದುರು ಬುಟ್ಟಿ ಇಟ್ಟು ಅರ್ಧ ತಾಸು ಕೂತಳು. ಪಕ್ಕದಲ್ಲಿ ಹಿಪ್ಪರಗಿಯ ಅಮಸಿದ್ದಪ್ಪ ಕುಂಟುವ ಟಗರು ಹಿಡಿದು ತನ್ನ ಪಾಳಿಗೆ ಕಾಯುತ್ತಿದ್ದ.

“ಯಕ್ಕಾ, ಇದು ಯಾ ದೇವರ? ಮುಸುಕ ತಗದಿಲ್ಲ?”

“ದೇವರಲ್ಲೋ ತಮ್ಮಾ, ದೀಪ.”

“ಹಚ್ಚಿಲ್ಲ?”

“ಉದ್ಘಾಟನೆ ಆಗಿಲ್ಲಂತ.”

ಅಮಸಿದ್ದಪ್ಪ ಟಗರಿನ ಕಾಲು ನೋಡಿದ. “ನಮ್ಮ ಟಗರ ಭಾಳ ಅವಸರದ್ದು ನೋಡ. ಉದ್ಘಾಟನೆ ಇಲ್ಲದ ಕುಂಟಾಕ ಚಾಲೂ ಮಾಡೇತಿ.”

ಹನ್ನೊಂದನೆಯ ದಿನ ಪಾಚು ಬಾಯಿ ತೆರೆಯಲಿಲ್ಲ. ಅರೆದು ಹಚ್ಚಿದ ನುಗ್ಗಿ ತಪ್ಪಲು ತುಟಿಯ ಮೇಲೆಯೇ ಒಣಗಿತು. ನಾಲ್ಕೂ ಕಾಲು ಗಾಳಿಯಲ್ಲಿ ಈಜುವಂತೆ ಅದುರಿದವು. ಅಂದಿನ ಹಾಜರಿಯಲ್ಲಿ ‘ಪ್ರಾಣಿ ಚುರುಕಾಗಿದೆ’ ಎಂದು ಬರೆಯಲಾಯಿತು. ನಮೂನೆಯಲ್ಲಿ ‘ಚಲನೆ ಇದೆ’, ‘ಚಲನೆ ಇಲ್ಲ’ ಎಂಬ ಎರಡೇ ಕಾಲಂಗಳಿದ್ದವು. ಬರೆದ ಮೇಲೆ ನೇತ್ರಾ ಪೆನ್ನು ಕೆಳಗಿಟ್ಟು ಬೇರೆ ಕಡೆ ನೋಡಿದಳು.

ಅಕ್ಕವ್ವ ಚೀಟಿ ತೆಗೆದು ಅವಳ ಮುಂದೆ ಹರವಿದಳು.

“ತಂಗೆವ್ವಾ, ಈ ಕೆಂಪ ಗೆರಿ ಬುಡಕ ಏನ ಬರದಾರ?”

“ಅದನ್ನ ಹೊಡದಾರ ಆಯಿ.”

“ಹೊಡದದ್ದನ್ನ ಓದಾಕ ಬರತೈತೋ ಇಲ್ಲೋ?”

ನೇತ್ರಾ ಗೋಪಾಲರಾವರ ಬಾಗಿಲ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಓದಿದಳು. “ದಿನಾ ಮುಂಜಾನೆ ಅರ್ಧ ತಾಸು ಬಿಸಲ. ಗಾಜಿನೊಳಗ ಅಲ್ಲ. ಬಯಲಾಗ.”

“ಬಿಸಲ?”

“ನಾ ಬರೇ ಓದೀನ್ರಿ. ಹೇಳಿಲ್ಲ.”

“ಇಷ್ಟ ದಿನಾ ನಾ ಬಿಸಲ ತಾಗಬಾರದಂತ ಹಸಿ ಅರಬಿ ಹೊಚ್ಚಿ ತಂದೇನಲ್ಲವ್ವಾ.” ಅಕ್ಕವ್ವ ಬಟ್ಟೆಯನ್ನು ಬುಟ್ಟಿಯಿಂದ ಎತ್ತಿ ಮಡಿಚಿದಳು.

ಮರುದಿನ ಮುಂಜಾನೆ ಸಂಡಿಗೆ ಹಾಕುವುದಿತ್ತು. ಅಕ್ಕವ್ವ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಸಾಲು ಸಾಲಾಗಿ ಸಂಡಿಗೆ ಇಟ್ಟು, ನಡುವೆ ಒಂದು ಮೊರದಲ್ಲಿ ಪಾಚುವನ್ನು ಮಲಗಿಸಿದಳು. ಬೇಕಾದರೆ ಸರಿಯಲಿ ಎಂದು ಅರ್ಧ ಮೊರಕ್ಕೆ ನೆರಳು ಮಾಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಬಳಿಕ ಅವನ ಮೈ ಕಪ್ಪೇರಿತು. ಅಕ್ಕವ್ವ ಹೆದರಿ ಎತ್ತಿಕೊಳ್ಳಲು ಬಾಗಿದಾಗ ಕಂಡದ್ದು, ಅವನು ಬಿಸಿಲಿನ ಕಡೆಗೇ ಕತ್ತು ಹೊರಳಿಸಿ, ಒಂದು ಕಣ್ಣು ಮುಚ್ಚಿ, ಪಕ್ಕೆಗಳನ್ನು ರೊಟ್ಟಿಯಂತೆ ಅಗಲ ಮಾಡಿಕೊಂಡಿದ್ದ. ಚಳಿಗಾಲದಲ್ಲಿ ಕಟ್ಟೆಗೆ ಬಂದು ಕೂಡುವ ಮುದುಕಿಯರು ಅಂಗೈ ಚಾಚುವ ಹಾಗಿತ್ತು ಅದು. ಅವಳು ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ತಾನೂ ಅಂಗೈ ಚಾಚಿದಳು. ಆ ವರ್ಷ ಸಂಡಿಗೆಗೆ ಕಾಗೆಯ ಕಾಟವಿರಲಿಲ್ಲ; ಕಾಗೆಗಳು ಒಮ್ಮೆ ಬಂದು ಪಾಚುವನ್ನು ನೋಡಿ ಪಕ್ಕದ ಮಾಳಿಗೆಗೆ ಹೋದವು.

ಎಂಟನೆಯ ದಿನ ಅವನು ತಾನಾಗಿ ತಪ್ಪಲು ಕಚ್ಚಿದ. ಬಸವಜಯಂತಿ ದಾಟಿ ಎರಡು ವಾರಕ್ಕೆ ಎದೆ ಎತ್ತಿದ. ಗಲ್ಲ ಗಟ್ಟಿಯಾಗತೊಡಗಿತು. ಡಬ್ಬಿ ಉಳಿಯಬೇಕಾದ್ದರಿಂದ ಅಕ್ಕವ್ವ ಮುಂಜಾನೆ ಮಾಳಿಗೆ, ಹನ್ನೊಂದಕ್ಕೆ ಜಮಖಂಡಿ ಎರಡನ್ನೂ ನಡೆಸಿದಳು. ಹಾಜರಿಯಲ್ಲಿ ಮಾಳಿಗೆಗೆ ಕಾಲಂ ಇರಲಿಲ್ಲ. ಅಲ್ಲಿ ಇದ್ದದ್ದು: ಮುಚ್ಚಿದ ದೀಪದ ಎದುರು ನಲವತ್ತೊಂಬತ್ತು ದಿನ, ಪ್ರಾಣಿ ಎದ್ದು ನಡೆಯುತ್ತಿದೆ. ಗೋಪಾಲರಾವರು ಇದನ್ನು ವರದಿ ಮಾಡಿ ಮೇಲೆ ಕಳಿಸಿದರು. ಯಶಸ್ಸು ಸಿದ್ಧವಾಗಿದೆ ಎಂದು ತಿಳಿದ ಮೇಲೆ ಮಾನ್ಯ ಅಧ್ಯಕ್ಷರಿಗೆ ತಾರೀಖು ಸಿಕ್ಕಿತು.

ಉದ್ಘಾಟನೆ ಕಾರಹುಣ್ಣಿಮೆ ಮುಗಿದ ಮರು ಗುರುವಾರ ನಡೆಯಿತು. ಮೂವತ್ತೊಂದು ಜನರಿಗೆ ಸತ್ಕಾರವಾಯಿತು. ಪಾಚುವಿಗೂ ಹೆಬ್ಬೆರಳಿನಷ್ಟು ಫೇಟಾ ಕಟ್ಟಿ ಹಾರ ಹಾಕಿದರು; ಅವನು ಹಾರದ ಚೆಂಡುಹೂವನ್ನು ಒಂದೊಂದಾಗಿ ತಿಂದದ್ದನ್ನು ಚೇತರಿಕೆಯ ಲಕ್ಷಣವೆಂದು ಸಭೆ ಮೆಚ್ಚಿತು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಖಣದ ಬಟ್ಟೆ ಎಳೆದರು.

ದೀಪದ ತಲೆಯಲ್ಲಿ ಬಲ್ಬು ಇರಲಿಲ್ಲ.

ಗೋಪಾಲರಾವರು ಎದ್ದು ವಿವರಿಸಿದರು. ಸ್ಟ್ಯಾಂಡು ಪೀಠೋಪಕರಣದ ಬಾಬ್ತಿಗೆ ಬರುತ್ತದೆ, ಬಲ್ಬು ಔಷಧದ ಬಾಬ್ತಿಗೆ. ಔಷಧದ ಮೇಲೆ ಅವಧಿ ಮುಗಿಯುವ ದಿನಾಂಕ ಇರಬೇಕು. ಬಿಸಿಲು ಯಾವಾಗ ಕೆಡುತ್ತದೆ ಎಂದು ಮೇಲಿನವರಿಗೆ ಪತ್ರ ಬರೆದು ಕೇಳಲಾಗಿದೆ, ಉತ್ತರ ಬಂದಿಲ್ಲ.

“ಅಂದ್ರ ಬಲ್ಬ್ ಇಲ್ಲದ ಗುಣ ಆಗೇತೇನ್ರಿ?” ಅಂದರು ಅಧ್ಯಕ್ಷರು.

“ದಾಖಲೆ ಹಂಗ ಹೇಳತದ ಸರ್.”

ಅಧ್ಯಕ್ಷರು ಮೈಕಿನ ಕಡೆ ತಿರುಗಿದರು. “ಕೇಳ್ರಿ ಬಂಧುಗಳ. ಬ್ಯಾರೆ ಕಡೆ ದೀಪ ಹಚ್ಚಿ ಗುಣ ಮಾಡತಾರ. ಅದ್ರಾಗೇನ ದೊಡ್ಡಸ್ತನ ಐತಿ? ನಮ್ಮ ನಾಕ ತಾಲೂಕು ಹಚ್ಚದ ಗುಣ ಮಾಡಿ ತೋರಸೇವಿ!”

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅಕ್ಕವ್ವ ಎದ್ದು ನಿಂತು “ಸಾಹೇಬ್ರ, ಗುಣಾ ಆದದ್ದು ಮಾಳಗಿ ಮ್ಯಾಲಿನ ಬಿಸಲಿನಿಂದರಿ” ಎಂದು ಎರಡು ಸಲ ಹೇಳಿದಳು. ಕಲಂ ಏಳರಂತೆ ನೇತ್ರಾ ಅದನ್ನು ನಡವಳಿಯಲ್ಲಿ ಬರೆಯಲಾಗಲಿಲ್ಲ. ‘ವಾರಸುದಾರರು ಸಂತೋಷ ವ್ಯಕ್ತಪಡಿಸಿದರು’ ಎಂದು ಬರೆದಳು. ಬಲ್ಬು ಅನಗತ್ಯವೆಂದು ಠರಾವಾಯಿತು. ಇನ್ನು ಮುಂದೆ ಎಲ್ಲ ಪ್ರಾಣಿಗಳಿಗೂ, ಎಲ್ಲ ರೋಗಗಳಿಗೂ ಇದೇ ದೀಪ.

ಎರಡನೆಯ ಠರಾವು ಅಕ್ಕವ್ವನ ಮನೆಗೆ ಅಂಚೆಯಲ್ಲಿ ಬಂತು. ‘ಯಶಸ್ವಿ ಪ್ರಾಣಿಯಾದ ಪಾಚುವನ್ನು ಬರುವ ಸೋಮವಾರದಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಕಾಯಂ ಆಗಿ ದೀಪದ ಕೆಳಗೆ, ಒಳಕೋಣೆಯಲ್ಲಿ ಇರಿಸತಕ್ಕದ್ದು. ಸದರಿ ಪ್ರಾಣಿಯನ್ನು ಬುಟ್ಟಿ ಸಮೇತ ಹಾಜರುಪಡಿಸುವುದು.’

ಅಕ್ಕವ್ವ ಕಾಗದ ಹಿಡಿದು ಮಾಳಿಗೆಗೆ ಹೋದಳು. ಪಾಚು ಕಟ್ಟೆಯ ತುದಿಯಲ್ಲಿ ನಾಲ್ಕೂ ಕಾಲೂರಿ ನಿಂತಿದ್ದ. ಭರತೇಶ ಹಿಂದೆಯೇ ಬಂದ.

“ಅವ್ವಾ, ಸರಕಾರಿ ಕಾಗದ. ಒಯ್ದು ಕೊಡೂದ ಛಲೋ.”

“ಕೊಟ್ರ ಆ ಕತ್ತಲಿ ಕ್ವಾಣ್ಯಾಗ ಎಷ್ಟ ದಿನ ಬದಕತೈತಿ?”

“ಹಂಗಾರ ಸತ್ತಾನಂತ ಹೇಳಿಬಿಡು.”

“ಸುಳ್ಳು ಹೇಳಾಕ ನಿನಗ ಯಾರ ಕಲಸಿದ್ರೋ ಮೂಳಾ? ಅದೂ ಜೀವಂತ ಇದ್ದವನ ಮುಂದ!” ಅವಳು ಕಾಗದವನ್ನು ಇನ್ನೊಮ್ಮೆ ಅವನಿಂದ ಓದಿಸಿದಳು. “ಬುಟ್ಟಿ ಸಮೇತ ಅಂತ ಐತೇನು?”

“ಐತಿ.”

“ಬುಟ್ಟಿ ನಾ ಒಯ್ತೇನಿ. ಉಳದದ್ದನ್ನ ಅಲ್ಲಿ ಖರೇನ ಹೇಳತೇನಿ.”

ಸೋಮವಾರ ಅವಳು ಬುಟ್ಟಿಗೆ ಹಸಿ ಬಟ್ಟೆ ಹೊದಿಸಿ ಬಸ್ಸು ಹತ್ತಿದಳು.

“ಇವತ್ತ ಏನ ಐತ್ರಿ ಬುಟ್ಟ್ಯಾಗ?”

“ಏನೂ ಇಲ್ಲೋ ಯಪ್ಪಾ.”

ಕೇಂದ್ರದಲ್ಲಿ ಬುಟ್ಟಿಯನ್ನು ದೀಪದ ಕೆಳಗಿಟ್ಟಳು. ನೇತ್ರಾ ಬಟ್ಟೆ ಸರಿಸಿ ನೋಡಿದಳು.

“ಆಯೀ, ಪಾಚು ಎಲ್ಲಿ?”

“ಮಾಳಗಿ ಮ್ಯಾಲ ಅದಾನ. ಬಿಸಲಾಗ.”

ನೇತ್ರಾ ಪೆನ್ನು ತೆರೆದಳು, ಮುಚ್ಚಿದಳು. ಪ್ರಾಣಿ ಬಿಸಿಲಿನಲ್ಲಿದೆ ಎಂದು ಬರೆಯುವಂತಿಲ್ಲ. ಮಳೆ ಹಿಡಿದಿತ್ತು ನಿಜ, ಆದರೆ ಬೇಸಿಗೆ ಮುಗಿದಿದೆ ಎಂಬ ಪತ್ರ ಮೇಲಿನಿಂದ ಬಾರದೆ ಸುತ್ತೋಲೆ ಜಾರಿಯಲ್ಲೇ ಇತ್ತು. ಗೈರುಹಾಜರಿ ಎಂದು ಬರೆದರೆ ಕಾರಣ ಬರೆಯಬೇಕು. ಕಾರಣ ಬಿಸಿಲು. ಅವಳು ಪುಸ್ತಕ ಹಿಡಿದು ಗೋಪಾಲರಾವರ ಕೋಣೆಗೆ ಹೋದಳು. ಅವರೇ ಎದ್ದು ಬಂದು ಬುಟ್ಟಿಯನ್ನು ಎಲ್ಲ ದಿಕ್ಕಿನಿಂದ ನೋಡಿದರು.

“ಅಕ್ಕವ್ವಾರ, ಇದ್ರಾಗ ಪ್ರಾಣಿ ಕಾಣಸೂದಿಲ್ಲಲ್ಲ?”

“ಇಲ್ರಿ.”

“ಪ್ರಾಣಿ ಇಲ್ಲದ ಚಿಕಿತ್ಸಾ ಹ್ಯಾಂಗ್ರಿ?”

ಅಕ್ಕವ್ವ ತಲೆ ಎತ್ತಿ ದೀಪದ ತುದಿಯನ್ನು ನೋಡಿದಳು. ಗೋಪಾಲರಾವರೂ ನೋಡಿದರು. ಇಬ್ಬರೂ ಸ್ವಲ್ಪ ಹೊತ್ತು ಬಲ್ಬು ಇರಬೇಕಾಗಿದ್ದ ಜಾಗವನ್ನು ನೋಡಿದರು.

“ಅದೂ ಇಲ್ಲಲ್ರಿ ಸಾಹೇಬ್ರ,” ಅಂದಳು ಅಕ್ಕವ್ವ, ಬಹಳ ಮರ್ಯಾದೆಯಿಂದ. “ಆದ್ರೂ ಠರಾವು ಆಗೇತಿ.”

ಗೋಪಾಲರಾವರು ಒಳಗೆ ಹೋಗಿ ಠರಾವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಬಲ್ಬಿಲ್ಲದ ದೀಪ ಗುಣ ಮಾಡುವುದಿಲ್ಲ ಎಂದರೆ ಮಾನ್ಯ ಅಧ್ಯಕ್ಷರ ಭಾಷಣ ಸುಳ್ಳಾಗುತ್ತದೆ. ಗುಣ ಮಾಡುತ್ತದೆ ಎಂದರೆ ಪ್ರಾಣಿಯಿಲ್ಲದ ಬುಟ್ಟಿಯನ್ನು ತಡೆಯಲು ಕಾರಣವಿಲ್ಲ. ಹೊರಗೆ ಬಂದು ನೇತ್ರಾಳಿಗೆ ಹೇಳಿದರು: “ಹಾಜರ ಅಂತ ಬರೀರಿ. ಕಾಯಂ ಅಂದ್ರ ದಿನಾ ಅರ್ಧ ತಾಸು.”

ಪಾಳಿಯಲ್ಲಿ ಕೂತ ಅಮಸಿದ್ದಪ್ಪ ಇದನ್ನೆಲ್ಲ ಕಂಡ. ಮರುದಿನ ಅವನು ಟಗರು ಬಿಟ್ಟು ಬರಿಯ ಹಗ್ಗ ತಂದು ದೀಪದ ಕಂಬಕ್ಕೆ ಕಟ್ಟಿದ. “ಸುಮ್ಮನ ಕುಂಟಕೋತ ಯಾಕ ಬರಬೇಕ್ರಿ ಇಷ್ಟ ದೂರ?” ಅಂದ. ಅದೂ ಹಾಜರಾಯಿತು. ವಾರದೊಳಗೆ ಬೀಳಗಿಯಿಂದ ಎಮ್ಮೆ ಕಟ್ಟುವ ದಾಬು, ಮುಧೋಳದಿಂದ ನಾಯಿಯ ಕೊರಳಪಟ್ಟಿ, ಬನಹಟ್ಟಿಯಿಂದ ಕೋಳಿಯ ಖಾಲಿ ಪಂಜರ ಬಂದವು. ಒಳಕೋಣೆಯಲ್ಲಿ ಸಗಣಿ ಇಲ್ಲ, ಗದ್ದಲ ಇಲ್ಲ, ಸಾವು ಇಲ್ಲ. ವರ್ಷದ ಕೊನೆಗೆ ಕೇಂದ್ರಕ್ಕೆ ಸ್ವಚ್ಛತೆಯ ಪ್ರಶಸ್ತಿ ಬಂತು. ಸತ್ಕಾರ ಎರಡು ದಿನ ನಡೆಯಿತು.

ಡಾಕ್ಟರ್ ಅಮೇಯ ಕಂಬಗಳನ್ನು ಎಣಿಸಿ ಮರಳಿದ್ದಾರೆ. ಎರಡು ಸಾವಿರದ ಇನ್ನೂರಾ ಹದಿನಾಲ್ಕು ಕಂಬಗಳಿದ್ದವು. ಬಲ್ಬಿನ ಕಾಲಂ ಅವರ ನಮೂನೆಯಲ್ಲಿಯೂ ಇರಲಿಲ್ಲ. ಈಗ ಅವರು ಹಗ್ಗ, ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಸಹಿ ಮಾಡುತ್ತಾರೆ. ಸಂಜೆ ತಮ್ಮ ಮೋಟಾರ್‌ಸೈಕಲ್ ಮೇಲೆ ಹಳ್ಳಿಗೆ ಹೋಗಿ ಆ ಹಗ್ಗಗಳ ಪ್ರಾಣಿಗಳಿಗೆ ಔಷಧ ಕೊಡುತ್ತಾರೆ. ಅದಕ್ಕೆ ಕಾಲಂ ಇಲ್ಲ.

ಹೋದ ವರ್ಷದ ಆಷಾಢದಿಂದ ಅಕ್ಕವ್ವನ ಮನೆಯಲ್ಲಿ ಎರಡು ಚಾತುರ್ಮಾಸಗಳು ನಡೆಯುತ್ತಿವೆ. ಒಂದು ತಪ್ಪಲು ಬಿಟ್ಟದ್ದು, ಅವಳದು. ಇನ್ನೊಂದು ಪಾಚುವಿನದು; ಅದಕ್ಕೆ ಅವಳು ದಿನಾ ನುಗ್ಗಿ ತಪ್ಪಲನ್ನು ಮೂರು ನೀರಿನಲ್ಲಿ ತೊಳೆದು, ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿ, ಮಾಳಿಗೆಗೆ ಒಯ್ಯುತ್ತಾಳೆ. ಆಮೇಲೆ ಹನ್ನೊಂದರ ಬಸ್ಸಿಗೆ ಖಾಲಿ ಬುಟ್ಟಿ ಹಿಡಿದು ಜಮಖಂಡಿಗೆ ಹೊರಡುತ್ತಾಳೆ.

“ಇವತ್ತ ಹ್ಯಾಂಗದಾನ ಯಕ್ಕಾ?” ಅಮಸಿದ್ದಪ್ಪ ತನ್ನ ಹಗ್ಗವನ್ನು ತುಸು ಸರಿಸಿ ಬುಟ್ಟಿಗೆ ಜಾಗ ಮಾಡುತ್ತಾನೆ.

“ಆರಾಮ ಅದಾನೋ ತಮ್ಮಾ. ನಿನ್ನ ಟಗರ?”

“ಓಡಾಕತ್ತೇತಿ. ಹಿಡಿಯಾಕ ಬರವಲ್ದು.”

ಅರ್ಧ ತಾಸಾದ ಮೇಲೆ ನೇತ್ರಾ ಹಾಜರಿ ಹಾಕುತ್ತಾಳೆ. ಅಕ್ಕವ್ವ ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಬಂದು, ಹಸಿ ಬಟ್ಟೆಯನ್ನು ಅದರ ಮೇಲೆ ನಾಲ್ಕೂ ಕಡೆ ಸರಿಯಾಗಿ ಹೊದಿಸುತ್ತಾಳೆ, ಒಳಗೆ ಎಲ್ಲಿಯೂ ಬಿಸಿಲು ತಾಗದ ಹಾಗೆ. ಕಲಂ ಏಳು ಇನ್ನೂ ಜಾರಿಯಲ್ಲಿದೆ.